ದಿಮ್ಮಿ ಹಡಗುಗಳ ದಾರಿಯಲ್ಲಿ ಐರಿಷ್, ಸ್ಕಾಟಿಷ್ ವಲಸಿಗರು

ಬೇಸಿಗೆಯಿಡೀ ಯುರೋಪಿನ ಬಂದರುಗಳ ನಡುವೆ ಓಡಾಡುವ ಪ್ರವಾಸಿ ಹಡಗುಗಳಲ್ಲಿ ಹಲವು ಸೆಪ್ಟೆಂಬರ್ ಬರುತ್ತಿದ್ದಂತೆ ಉತ್ತರ ಅಮೆರಿಕದ ಕಡೆಗೆ ಹೊರಡುತ್ತವೆ. ಕೆನಡಾ ಮತ್ತು ನ್ಯೂ ಇಂಗ್ಲೆಂಡ್‌ನ ಕಾಡುಗಳ ಎಲೆ ಕೆಂಪಾಗುವ ಆ ತಿಂಗಳುಗಳಲ್ಲಿ ಅಲ್ಲಿ ಪ್ರವಾಸಿಗರ ದಟ್ಟಣೆ ಹೆಚ್ಚು, ಚಳಿಗಾಲ ಬಂದರೆ ಕೆರಿಬಿಯನ್ ದ್ವೀಪಗಳಿಗೆ ಬೇಡಿಕೆ ಹೆಚ್ಚು. ದೊಡ್ಡ ಹಡಗೊಂದನ್ನು ಖಾಲಿಯಾಗಿ ಅಟ್ಲಾಂಟಿಕ್ ದಾಟಿಸಿದರೆ ಇಂಧನ, ಸಿಬ್ಬಂದಿಯ ಸಂಬಳ ಎಲ್ಲವೂ ನಷ್ಟದ ಬಾಬತ್ತಿಗೆ ಹೋಗುವುದರಿಂದ ಆ ಸ್ಥಳಾಂತರವನ್ನೇ ಒಂದು ಯಾತ್ರೆಯಾಗಿ ಮಾರುವ ಪದ್ಧತಿ ಬೆಳೆದಿದೆ. ಹಾಗೆ ಮಾರುವ ಯಾತ್ರೆಗಳಲ್ಲಿ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಿಂದ ಹೊರಟ ವಲಸಿಗರ ಹಾದಿಯನ್ನು ಮತ್ತೆ ಕ್ರಮಿಸುವ ಪರಂಪರೆಯ ಹಡಗುಯಾನವೂ ಒಂದು. ಗ್ರೀನಕ್, ಸ್ಟೋರ್ನೋವೇ, ಬೆಲ್‌ಫಾಸ್ಟ್, ಡಬ್ಲಿನ್, ಕೋವ್ ಬಂದರುಗಳಲ್ಲಿ ಕೆಲವನ್ನು ಮುಟ್ಟಿ, ಸಾಗರ ದಾಟಿ, ಸೇಂಟ್ ಜಾನ್ಸ್, ಹ್ಯಾಲಿಫ್ಯಾಕ್ಸ್, ಕ್ವಿಬೆಕ್ ಅಥವಾ ನ್ಯೂಯಾರ್ಕ್‌ನಲ್ಲಿ ಮುಗಿಯುವುದು ಇಂಥ ಯಾನದ ಸಾಮಾನ್ಯ ಸ್ವರೂಪ. ಹತ್ತುವವರಲ್ಲಿ ಅನೇಕರು ಆ ವಲಸಿಗರ ಸಂತತಿಯವರು, ಮುತ್ತಜ್ಜನ ಅಪ್ಪ ಬಿಟ್ಟುಬಂದ ಊರನ್ನು ಒಮ್ಮೆ ನೋಡಬೇಕೆಂಬ ಹಂಬಲದವರು.

ನಕಾಶೆಯಲ್ಲಿ ಈ ದಾರಿ ಸರಳವಾಗಿ ಕಾಣುತ್ತದೆ. ಆದರೆ ನ್ಯೂಯಾರ್ಕ್, ಬಾಸ್ಟನ್‌ಗಳನ್ನು ಸೇರುವ ಆಸೆಯಿದ್ದ ಲಕ್ಷಾಂತರ ಐರಿಷ್ ಜನ ಕ್ವಿಬೆಕ್‌ನಲ್ಲಿ ಅಥವಾ ನ್ಯೂ ಬ್ರನ್ಸ್‌ವಿಕ್‌ನ ಸೇಂಟ್ ಜಾನ್‌ನಲ್ಲಿ ಇಳಿದದ್ದೇಕೆ, ಐರ್ಲೆಂಡಿನ ನ್ಯೂ ರಾಸ್‌ನಂಥ ಸಣ್ಣ ನದಿಬಂದರಿನಿಂದ ನೇರವಾಗಿ ಅಮೆರಿಕ ಖಂಡಕ್ಕೆ ಹಡಗು ಹೊರಡುತ್ತಿದ್ದದ್ದೇಕೆ ಎಂದು ಕೇಳಿದರೆ ನಕಾಶೆ ಉತ್ತರ ಕೊಡುವುದಿಲ್ಲ. ಉತ್ತರ ಇರುವುದು ಮರದ ವ್ಯಾಪಾರದಲ್ಲಿ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ಮೇಲೆ ವ್ಯಾಪಾರ ದಿಗ್ಬಂಧನ ಹೇರಿದ ಮೇಲೆ ಬಾಲ್ಟಿಕ್ ಪ್ರದೇಶದಿಂದ ಬರುತ್ತಿದ್ದ ಮರಮಟ್ಟು ಬ್ರಿಟನ್ನಿಗೆ ದುರ್ಲಭವಾಯಿತು. ಹಡಗು ಕಟ್ಟಲು ಮರ ಬೇಕೇ ಬೇಕು, ಅದನ್ನು ಸರ್ಕಾರ ತನ್ನದೇ ವಸಾಹತುಗಳ ಕಾಡಿನಲ್ಲಿ ಹುಡುಕಿತು. ಹೊರದೇಶದ ಮರಕ್ಕೆ ಭಾರಿ ಸುಂಕ, ಕೆನಡಾದ ಮರಕ್ಕೆ ರಿಯಾಯಿತಿ ಎಂಬ ನೀತಿ ಯುದ್ಧ ಮುಗಿದ ಮೇಲೂ ದಶಕಗಳ ಕಾಲ ಉಳಿಯಿತು. ಹೀಗಾಗಿ ಕ್ವಿಬೆಕ್, ಸೇಂಟ್ ಜಾನ್, ಪಿಕ್ಟೌ ಬಂದರುಗಳಿಂದ ಪೈನ್ ದಿಮ್ಮಿ ತುಂಬಿದ ನೂರಾರು ಹಡಗುಗಳು ಪ್ರತಿ ವರ್ಷ ಲಿವರ್‌ಪೂಲ್, ಗ್ರೀನಕ್, ಡೆರಿ, ಕಾರ್ಕ್, ಲಿಮರಿಕ್‌ಗಳಿಗೆ ಬರತೊಡಗಿದವು.

ತೊಡಕು ಇದ್ದದ್ದು ಮರಳಿ ಹೋಗುವಾಗ. ದಿಮ್ಮಿ ಬಹಳ ಜಾಗ ತಿನ್ನುವ ಸರಕು, ಅದಕ್ಕೆ ಬದಲಾಗಿ ಬ್ರಿಟನ್ನಿನಿಂದ ವಸಾಹತಿಗೆ ಹೋಗುವ ಸರಕು ಅಷ್ಟು ಜಾಗ ತುಂಬುತ್ತಿರಲಿಲ್ಲ. ಹಾಯಿಹಡಗು ಹಗುರಾಗಿದ್ದರೆ ಗಾಳಿಗೆ ಮಗುಚುವ ಅಪಾಯ ಇರುವುದರಿಂದ ತಳದಲ್ಲಿ ಕಲ್ಲು, ಮರಳು ತುಂಬಿಕೊಂಡು ಹೋಗಬೇಕಾಗುತ್ತಿತ್ತು, ಕಲ್ಲಿಗೆ ಯಾರೂ ಬಾಡಿಗೆ ಕೊಡುವುದಿಲ್ಲ. ಮನುಷ್ಯರಾದರೆ ಕೊಡುತ್ತಾರೆ. ದಿಮ್ಮಿ ಇಳಿಸಿದ ಮೇಲೆ ಖಾಲಿಯಾದ ಒಡಲಿಗೆ ಒರಟು ಹಲಗೆಗಳ ಅಟ್ಟಣಿಗೆ ಹೊಡೆದು, ಜನರನ್ನು ತುಂಬಿಕೊಂಡು ಪಶ್ಚಿಮಕ್ಕೆ ಹೋಗುವುದು, ಅಲ್ಲಿ ಆ ಹಲಗೆಗಳನ್ನು ಕಿತ್ತು ಮತ್ತೆ ದಿಮ್ಮಿ ತುಂಬುವುದು ವಾಡಿಕೆಯಾಯಿತು. ಹೇಗಿದ್ದರೂ ಹೋಗಲೇಬೇಕಾದ ಹಡಗು ಅದಾದ್ದರಿಂದ ಪ್ರಯಾಣದರ ಅಗ್ಗವಾಗಿತ್ತು. ನ್ಯೂಯಾರ್ಕ್‌ನ ಟಿಕೆಟ್‌ಗೆ ಹಣ ಹೊಂದಿಸಲಾರದವರು ಕ್ವಿಬೆಕ್‌ಗೆ ಬಂದಿಳಿದು, ಅಲ್ಲಿಂದ ನಡೆದೋ ದೋಣಿ ಹಿಡಿದೋ ಗಡಿ ದಾಟಿ ಅಮೆರಿಕ ಸೇರುತ್ತಿದ್ದರು. ಇಂದಿನ ಹಡಗುಯಾನ ಯಾವ ಬಂದರುಗಳನ್ನು ಮುಟ್ಟುತ್ತದೋ ಅವುಗಳಲ್ಲಿ ಬಹುಪಾಲು ವಲಸೆಯ ಬಂದರುಗಳಾದದ್ದು ಮೊದಲು ಮರದ ಬಂದರುಗಳಾಗಿದ್ದುದರಿಂದ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತ ಹೋಗುತ್ತದೆ ಎಂಬುದು ನನ್ನ ನಂಬಿಕೆ. ಪ್ರವಾಸಿ ಮಾರ್ಗದರ್ಶಿಗಳು ಇದನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುವುದು ನನಗೆ ಬೇಸರದ ವಿಷಯ.

ಐರ್ಲೆಂಡಿನಲ್ಲಿ ನೋಡಸಿಗುವ ಎರಡು ಪ್ರತಿಕೃತಿ ಹಡಗುಗಳು ಇದನ್ನು ಕಣ್ಣೆದುರಿಗೆ ಇಡುತ್ತವೆ. ನ್ಯೂ ರಾಸ್‌ನ ದಡದಲ್ಲಿ ನಿಂತಿರುವ ಡನ್‌ಬ್ರಾಡಿಯ ಮೂಲ ಹಡಗು 1845ರಲ್ಲಿ ಕ್ವಿಬೆಕ್‌ನಲ್ಲಿ ತಯಾರಾದದ್ದು, ಕಟ್ಟಿಸಿದ್ದು ನ್ಯೂ ರಾಸ್‌ನ ಗ್ರೇವ್ಸ್ ಎಂಬ ಮರದ ವ್ಯಾಪಾರಿ ಮನೆತನ. ಡಬ್ಲಿನ್‌ನ ಲಿಫಿ ನದಿಯಲ್ಲಿರುವ ಜೀನಿ ಜಾನ್‌ಸ್ಟನ್‌ನ ಮೂಲ ಹಡಗೂ 1847ರಲ್ಲಿ ಕ್ವಿಬೆಕ್‌ನಲ್ಲೇ ಕಟ್ಟಿದ್ದು. ಅದು ಟ್ರಲೀ ಪಟ್ಟಣದ ವರ್ತಕನೊಬ್ಬನ ಸ್ವತ್ತಾಗಿ, ಹೋಗುವಾಗ ಜನರನ್ನೂ ಬರುವಾಗ ಮರವನ್ನೂ ಸಾಗಿಸಿತು. 1858ರಲ್ಲಿ ಕ್ವಿಬೆಕ್‌ನಿಂದ ಇಂಗ್ಲೆಂಡಿನ ಹಲ್ ಬಂದರಿಗೆ ಹೊರಟಾಗ ಸಾಗರದ ನಡುವೆ ನೀರು ತುಂಬಿ ಮುಳುಗಿತು. ಆಗಲೂ ಅದರ ಒಡಲಿನಲ್ಲಿದ್ದದ್ದು ಮರವೇ.

ಡನ್‌ಬ್ರಾಡಿಯ ಕೆಳ ಅಂತಸ್ತಿಗೆ ಇಳಿದವರಿಗೆ ಮೊದಲು ಕಾಣುವುದು ಮಲಗುವ ಹಲಗೆಗಳು. ಉದ್ದಗಲ ಆರಾರು ಅಡಿಯ ಒಂದು ಹಲಗೆಯಲ್ಲಿ ನಾಲ್ಕು ಮಂದಿ ದೊಡ್ಡವರು ಮಲಗಬೇಕಿತ್ತು, ಅಂದರೆ ತಲೆಗೆ ಒಂದೂವರೆ ಅಡಿ ಅಗಲ. ಒಬ್ಬರು ಮಗ್ಗುಲು ಬದಲಿಸಿದರೆ ನಾಲ್ವರೂ ಬದಲಿಸಬೇಕು. ಒಂದರ ಮೇಲೊಂದರಂತೆ ಎರಡು ಸಾಲು, ನಡುವೆ ಓಣಿಯಷ್ಟು ಜಾಗ, ಅದರಲ್ಲೇ ಗಂಟುಮೂಟೆ. ಅಡುಗೆಗೆ ಮೇಲಿನ ಅಟ್ಟದಲ್ಲಿ ಇಟ್ಟಿಗೆ ಜೋಡಿಸಿದ ಒಲೆಪೆಟ್ಟಿಗೆ ಇತ್ತು, ಅಲ್ಲಿ ಪಾಳಿಯ ಮೇಲೆ ಗಂಜಿ ಬೇಯಿಸಿಕೊಳ್ಳಬೇಕು. ಗಾಳಿ ಜೋರಾದರೆ ಬೆಂಕಿ ಆರಿಸುತ್ತಿದ್ದರು. ಬಿರುಗಾಳಿ ಎದ್ದರೆ ಮೇಲಿನ ಬಾಗಿಲುಗಳನ್ನು ಭದ್ರವಾಗಿ ಮುಚ್ಚುವುದರಿಂದ ಕೆಳಗಿನವರು ಕತ್ತಲೆಯಲ್ಲಿ, ಹಸಿ ಹಿಟ್ಟು ತಿಂದುಕೊಂಡು, ಬಕೆಟ್ಟನ್ನೇ ಕಕ್ಕಸಾಗಿ ಬಳಸುತ್ತ ದಿನ ನೂಕಬೇಕಿತ್ತು. 1842ರ ಬ್ರಿಟಿಷ್ ಕಾಯ್ದೆಯ ಪ್ರಕಾರ ಹಡಗಿನವರು ಪ್ರತಿಯೊಬ್ಬರಿಗೆ ದಿನಕ್ಕೆ ಸುಮಾರು 3.4 ಲೀಟರ್ ನೀರು, ವಾರಕ್ಕೆ ಸುಮಾರು 3.2 ಕಿಲೋ ಬಿಸ್ಕತ್ತು, ಹಿಟ್ಟು, ಓಟ್ಸ್ ಅಥವಾ ಅಕ್ಕಿ ಕೊಡಬೇಕಿತ್ತು. ಕುಡಿಯಲು, ಬೇಯಿಸಲು, ತೊಳೆಯಲು ಎಲ್ಲಕ್ಕೂ ಅದೇ ನೀರು.

ಇಂಥ ಸ್ಥಿತಿಯಲ್ಲಿ ಎಷ್ಟು ದಿನ ಇರಬೇಕೆಂಬುದನ್ನು ತೀರ್ಮಾನಿಸುತ್ತಿದ್ದದ್ದು ಗಾಳಿ. ಉತ್ತರ ಅಟ್ಲಾಂಟಿಕ್‌ನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಬೆಚ್ಚಗಿನ ಗಲ್ಫ್ ಪ್ರವಾಹವೂ ಅತ್ತಲೇ ಹರಿಯುತ್ತದೆ. ಆದ್ದರಿಂದ ಅಮೆರಿಕದಿಂದ ಯುರೋಪಿಗೆ ಮೂರು ವಾರಗಳಲ್ಲಿ ಬರಬಲ್ಲ ಹಾಯಿಹಡಗಿಗೆ ಎದುರುಗಾಳಿಯಲ್ಲಿ ಓರೆಯಾಗಿ ಸಾಗುತ್ತ ಮರಳಿ ಹೋಗಲು ಐದರಿಂದ ಹನ್ನೆರಡು ವಾರ ಹಿಡಿಯುತ್ತಿತ್ತು. ನ್ಯೂಫೌಂಡ್‌ಲ್ಯಾಂಡ್ ಹತ್ತಿರವಾದಂತೆ ಉತ್ತರದಿಂದ ಇಳಿಯುವ ತಣ್ಣನೆಯ ಲ್ಯಾಬ್ರಡಾರ್ ಪ್ರವಾಹ ಬೆಚ್ಚನೆಯ ನೀರನ್ನು ಸಂಧಿಸಿ ದಟ್ಟ ಮಂಜು ಕವಿಯುತ್ತದೆ, ವಸಂತದಲ್ಲಿ ನೀರ್ಗಲ್ಲ ಬೆಟ್ಟಗಳೂ ತೇಲಿಬರುತ್ತವೆ. ಇಂದಿನ ಹಡಗಿಗೆ ಇದು ವಾರದೊಳಗಿನ ಪ್ರಯಾಣ, ಆ ಮಂಜು ಮಾತ್ರ ಈಗಲೂ ಹಾಗೆಯೇ ಇದೆ.

ಐರಿಷ್ ಮತ್ತು ಸ್ಕಾಟಿಷ್ ವಲಸೆಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಪ್ರವಾಸಕ್ಕೆ ಅನುಕೂಲ, ಆದರೆ ಅವುಗಳ ಕಾಲವೂ ಬೇರೆ, ಕಾರಣವೂ ಬೇರೆ. ನೋವಾ ಸ್ಕೋಶಿಯಾದ ಪಿಕ್ಟೌನಲ್ಲಿ ಪ್ರತಿಕೃತಿಯಾಗಿ ನಿಂತಿರುವ ಹೆಕ್ಟರ್ ಹಡಗು 1773ರಲ್ಲಿ ಸ್ಕಾಟ್ಲೆಂಡಿನ ಲಾಕ್ ಬ್ರೂಮ್‌ನಿಂದ ಹೈಲ್ಯಾಂಡ್ ಎಂಬ ಗುಡ್ಡನಾಡಿನ ಸುಮಾರು 189 ಜನರನ್ನು ಹತ್ತಿಸಿಕೊಂಡು ಹೊರಟದ್ದು ದಿಮ್ಮಿ ವ್ಯಾಪಾರ ಬೆಳೆಯುವುದಕ್ಕೂ ಮೊದಲು. ಒಡಲಿನ ಹಲಗೆಗಳನ್ನು ಉಗುರಿನಿಂದ ಕೆರೆದು ಕೀಳಬಹುದಾಗಿತ್ತು ಎಂದು ಇಂದಿಗೂ ಹೇಳಿಕೊಳ್ಳುವಷ್ಟು ಹಳತಾಗಿತ್ತು ಆ ಹಡಗು. ನ್ಯೂಫೌಂಡ್‌ಲ್ಯಾಂಡ್ ಬಳಿ ಬಿರುಗಾಳಿ ಅದನ್ನು ಹಿಂದಕ್ಕೆ ದೂಡಿತು. ಸಿಡುಬು ಮತ್ತು ರಕ್ತಭೇದಿಗೆ 18 ಮಂದಿ ಬಲಿಯಾದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಸೆಪ್ಟೆಂಬರ್ 15ರಂದು ದಡ ಸೇರಿದಾಗ, ಭರವಸೆ ಕೊಟ್ಟಿದ್ದ ಜಮೀನು ಕಡಲ ಕರೆಯಲ್ಲಿಲ್ಲ, ಒಳನಾಡಿನ ದಟ್ಟ ಕಾಡಿನಲ್ಲಿದೆ ಎಂಬುದು ತಿಳಿಯಿತು. ಆದರೂ ಇವರು ಗೇಣಿ ಏರಿಕೆಯಿಂದ ಬೇಸತ್ತು, ಸ್ವಂತ ನೆಲದ ಆಸೆಯಿಂದ ತಾವಾಗಿಯೇ ಹೊರಟವರು. ಯಾರೂ ಅವರ ಮನೆಗೆ ಬೆಂಕಿ ಇಟ್ಟಿರಲಿಲ್ಲ.

ಆ ಹೊತ್ತಿನಲ್ಲಿ ಹೈಲ್ಯಾಂಡ್ ಜಮೀನ್ದಾರರು ಬಯಸಿದ್ದು ಜನ ಹೋಗದೆ ಉಳಿಯಬೇಕೆಂದು. ಪಶ್ಚಿಮ ಕರಾವಳಿಯಲ್ಲಿ ಕಡಲಕಳೆ ಸುಟ್ಟು ಸಾಬೂನು, ಗಾಜಿನ ತಯಾರಿಕೆಗೆ ಬೇಕಾದ ಕ್ಷಾರ ತೆಗೆಯುವ ಉದ್ದಿಮೆ ಲಾಭದಲ್ಲಿತ್ತು, ಅದಕ್ಕೆ ಅಗ್ಗದ ಕೂಲಿಗಳು ಬೇಕಿತ್ತು. 1803ರಲ್ಲಿ ಬಂದ ಪ್ರಯಾಣಿಕ ಹಡಗುಗಳ ಕಾಯ್ದೆ ಹಡಗಿನಲ್ಲಿ ಇಷ್ಟೇ ಜನ, ಇಷ್ಟು ಆಹಾರ ಎಂದು ನಿಯಮ ಮಾಡಿತು. ಓದಿದರೆ ಕರುಣೆಯ ಕಾಯ್ದೆ, ಪರಿಣಾಮದಲ್ಲಿ ಪ್ರಯಾಣದರ ಎರಡು ಪಟ್ಟಿಗೂ ಮೀರಿ ಏರಿ ಬಡವರ ವಲಸೆ ಬಹುಪಾಲು ನಿಂತುಹೋಯಿತು. ಅದರ ಹಿಂದೆ ಜಮೀನ್ದಾರರ ಒತ್ತಾಸೆ ಇತ್ತು. 1815ರ ನಂತರ ಹೊರದೇಶದ ಅಗ್ಗದ ಕ್ಷಾರ ಬಂದು ಕಡಲಕಳೆಯ ಬೆಲೆ ಕುಸಿಯಿತು, ಕುರಿ ಸಾಕಣೆ ಲಾಭದಾಯಕವಾಯಿತು, ಅದೇ ಜಮೀನ್ದಾರ ವರ್ಗಕ್ಕೆ ಅದೇ ಜನ ಹೊರೆಯಾದರು. ಸದರ್ಲೆಂಡ್ ಎಸ್ಟೇಟಿನಲ್ಲಿ 1811ರಿಂದ 1821ರ ನಡುವೆ ಸಾವಿರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಮತ್ತೆ ಬಂದು ಸೇರಬಾರದೆಂದು ಮನೆಗಳ ಮಾಡಿನ ತೊಲೆಗಳನ್ನು ಸುಡಲಾಯಿತು.

ಇನ್ವರ್‌ಗಾರ್ಡನ್ ಬಂದರಿನಲ್ಲಿ ಹಡಗು ನಿಂತರೆ, ಒಳನಾಡಿನ ಕ್ರೋಯಿಕ್ ಎಂಬಲ್ಲಿನ ಚಿಕ್ಕ ಚರ್ಚಿಗೆ ಹೋಗಿಬರಬೇಕು. 1845ರ ಮೇ ತಿಂಗಳಲ್ಲಿ ಗ್ಲೆನ್‌ಕ್ಯಾಲ್ವಿ ಕಣಿವೆಯಿಂದ ಒಕ್ಕಲೆಬ್ಬಿಸಿದ ಕುಟುಂಬಗಳು ಅದರ ಅಂಗಳದ ಸಮಾಧಿಗಳ ನಡುವೆ ಕಂಬಳಿ, ಬಟ್ಟೆ ಕಟ್ಟಿಕೊಂಡು ತಂಗಿದ್ದವು. ಚರ್ಚಿನ ಕಿಟಕಿಯ ಪುಟ್ಟ ಗಾಜುಗಳ ಮೇಲೆ ಅವರು ಹೊರಗಿನಿಂದ ಕೆರೆದು ಬರೆದದ್ದು ಇನ್ನೂ ಓದಬರುತ್ತದೆ. ಗ್ಲೆನ್‌ಕ್ಯಾಲ್ವಿಯ ಜನ ಇಲ್ಲಿದ್ದರು ಎಂದು ಒಂದು ಕಡೆ ಇದೆ, ಗ್ಲೆನ್‌ಕ್ಯಾಲ್ವಿಯವರು ದುಷ್ಟ ಪೀಳಿಗೆ ಎಂದು ಇನ್ನೊಂದು ಕಡೆ ಇದೆ. ತಮಗಾದದ್ದು ತಮ್ಮ ಪಾಪದ ಫಲವೆಂದು ಅವರೇ ನಂಬಿ ಬರೆದುಕೊಂಡರು ಎಂಬುದು ಒಕ್ಕಲೆಬ್ಬಿಸಿದ್ದಕ್ಕಿಂತಲೂ ಹೆಚ್ಚು ನೋಯಿಸುತ್ತದೆ.

ಲೂಯಿಸ್ ದ್ವೀಪದ ಸ್ಟೋರ್ನೋವೇ ಬಂದರಿಗೆ ಭಾರತದ ನಂಟು ಎರಡು ಬಗೆಯಲ್ಲಿದೆ. 1799ರ ನಂತರ ಮೈಸೂರು ಸೀಮೆಯ ಮೋಜಣಿ ನಡೆಸಿ, ನಮ್ಮ ಶಾಸನ, ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಇಲ್ಲಿ. ಭಾರತದ ಅಫೀಮನ್ನು ಚೀನಾಕ್ಕೆ ಮಾರಿ ಶ್ರೀಮಂತನಾದ ಜೇಮ್ಸ್ ಮ್ಯಾಥೆಸನ್ 1844ರಲ್ಲಿ ಇಡೀ ದ್ವೀಪವನ್ನೇ ಕೊಂಡ. 1851ರಿಂದ 1855ರ ನಡುವೆ ಅವನು ಪ್ರಯಾಣವೆಚ್ಚ ಭರಿಸಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೆನಡಾಕ್ಕೆ ಕಳುಹಿಸಿದ. ಈ ಬಂದರಿನಿಂದ ವಲಸೆ ಇಪ್ಪತ್ತನೆಯ ಶತಮಾನದವರೆಗೂ ಮುಂದುವರಿಯಿತು. 1923ರ ಏಪ್ರಿಲ್‌ನಲ್ಲಿ ಮೆಟಗಾಮಾ ಎಂಬ ಹಡಗು ಇಲ್ಲಿಂದ ಸುಮಾರು 300 ಜನರನ್ನು ಕೆನಡಾಕ್ಕೆ ಒಯ್ದಿತು, ಅವರಲ್ಲಿ ಹೆಚ್ಚಿನವರು ಹರೆಯದವರು.

ಐರ್ಲೆಂಡಿನ ಕತೆಯ ನಡುಮಧ್ಯದಲ್ಲಿ ಆಲೂಗಡ್ಡೆ ಇದೆ. ಹಾಸನ, ಚಿಕ್ಕಬಳ್ಳಾಪುರದ ಬೆಳೆಗಾರರಿಗೆ ಅಂಗಮಾರಿ ಎಂದು ಚೆನ್ನಾಗಿ ಗೊತ್ತಿರುವ ಅದೇ ರೋಗ 1845ರಲ್ಲಿ ಐರ್ಲೆಂಡಿಗೆ ತಗುಲಿ, ಮರುವರ್ಷ ಹೆಚ್ಚುಕಡಿಮೆ ಇಡೀ ಬೆಳೆಯನ್ನೇ ಕೊಳೆಸಿತು. ಬಡ ಒಕ್ಕಲುಗಳು ತಮ್ಮ ತುಂಡುನೆಲದಲ್ಲಿ ಬೆಳೆದುಕೊಂಡು ಉಣ್ಣುತ್ತಿದ್ದದ್ದು ಆಲೂಗಡ್ಡೆಯೊಂದನ್ನೇ, ಗೋಧಿ, ಓಟ್ಸ್, ದನಗಳೆಲ್ಲ ಗೇಣಿಗೂ ಮಾರುಕಟ್ಟೆಗೂ ಮೀಸಲು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತಿದ್ದರು, 10 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟಿದ್ದರು. ಬಡವರ ನಿರ್ವಹಣೆಯ ತೆರಿಗೆ ಜಮೀನ್ದಾರರ ತಲೆಯ ಮೇಲೆ ಬಂದಾಗ, ಒಕ್ಕಲುಗಳಿಗೆ ಪ್ರಯಾಣದ ಹಣ ಕೊಟ್ಟು ಸಾಗಹಾಕುವುದೇ ಅಗ್ಗವೆಂದು ಕೆಲವರು ಲೆಕ್ಕ ಹಾಕಿದರು. ರಾಸ್‌ಕಾಮನ್ ಜಿಲ್ಲೆಯ ಸ್ಟ್ರೋಕ್ಸ್‌ಟೌನ್ ಎಸ್ಟೇಟಿನ ಡೆನಿಸ್ ಮಹನ್ 1847ರಲ್ಲಿ 1,490 ಮಂದಿಯನ್ನು ಹೀಗೆ ಕಳುಹಿಸಿದ. ಅವರು ಡಬ್ಲಿನ್‌ವರೆಗೆ ನಡೆದು, ಲಿವರ್‌ಪೂಲ್‌ಗೆ ದಾಟಿ, ಅಲ್ಲಿ ಕ್ವಿಬೆಕ್‌ನ ಹಡಗುಗಳನ್ನು ಹತ್ತಿದರು. ಆ ಹಡಗುಗಳಲ್ಲಿ ಒಂದಾದ ವರ್ಜೀನಿಯಸ್‌ನಲ್ಲಿ 476 ಪ್ರಯಾಣಿಕರಿದ್ದರು, ಸಾಗರದ ಮೇಲೆಯೇ 158 ಜನ ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಮಹನ್ ಗುಂಡಿಗೆ ಬಲಿಯಾದ. ಆ ಒಕ್ಕಲುಗಳು ನಡೆದ 165 ಕಿಲೋಮೀಟರ್ ಹಾದಿ ಈಗ ಗುರುತು ಮಾಡಿದ ಕಾಲುದಾರಿಯಾಗಿದೆ, ಅದರ ಉದ್ದಕ್ಕೂ ಮಕ್ಕಳ ಪಾದರಕ್ಷೆಗಳ ಕಂಚಿನ ಎರಕಗಳನ್ನು ಇಟ್ಟಿದ್ದಾರೆ.

ಈ ಸಾವುಗಳಿಗೆ ಸಮುದ್ರ ಕಾರಣವಲ್ಲ. ಕೊಂದದ್ದು ಹೇನಿನಿಂದ ಹರಡುವ ಟೈಫಸ್ ಜ್ವರ. ಹಸಿವಿನಿಂದ ಸೊರಗಿದ ಮೈ, ತಿಂಗಳುಗಟ್ಟಲೆ ಒಗೆಯದ ಉಟ್ಟಬಟ್ಟೆ, ನಾಲ್ವರು ಮೈಗೆ ಮೈ ತಾಗಿಸಿ ಮಲಗುವ ಹಲಗೆ, ಇವಿಷ್ಟು ಸೇರಿದರೆ ಒಬ್ಬರ ಹೇನು ಎಲ್ಲರದೂ ಆಗುತ್ತದೆ. ಸೋಂಕು ತಗುಲಿ ಜ್ವರ ಕಾಣಿಸಿಕೊಳ್ಳಲು ಒಂದೆರಡು ವಾರ ಬೇಕಾದ್ದರಿಂದ, ಲಿವರ್‌ಪೂಲ್‌ನಲ್ಲಿ ವೈದ್ಯರ ಮುಂದೆ ಆರೋಗ್ಯವಂತರಾಗಿ ಹಾದುಹೋದವರು ನಡುಸಾಗರದಲ್ಲಿ ಮಲಗುತ್ತಿದ್ದರು. ಆ ಜ್ವರವನ್ನು ಹರಡುವುದು ಹೇನು ಎಂಬುದನ್ನು ಚಾರ್ಲ್ಸ್ ನಿಕೋಲ್ ಸಾಬೀತು ಮಾಡಿದ್ದು 1909ರಲ್ಲಿ. 1847ರ ವೈದ್ಯರಿಗೆ ಅದು ಗೊತ್ತಿರಲಿಲ್ಲ, ಕೆಟ್ಟ ಗಾಳಿಯನ್ನು ದೂರುತ್ತಿದ್ದರು.

ಕ್ವಿಬೆಕ್ ನಗರಕ್ಕೆ ಸುಮಾರು 50 ಕಿಲೋಮೀಟರ್ ಮೊದಲು, ಸೇಂಟ್ ಲಾರೆನ್ಸ್ ನದಿಯ ನಡುವೆ ಗ್ರೋಸ್ ಈಲ್ ಎಂಬ ದ್ವೀಪವಿದೆ. ಕಾಲರಾ ತಡೆಯಲೆಂದು 1832ರಲ್ಲಿ ಅಲ್ಲಿ ಕ್ವಾರಂಟೈನ್ ಠಾಣೆ ತೆರೆದಿದ್ದರು. 1847ರ ವಸಂತದಲ್ಲಿ ಅಲ್ಲಿನ ಮುಖ್ಯ ವೈದ್ಯ ಜಾರ್ಜ್ ಡಗ್ಲಾಸ್ ಬಳಿ ಇದ್ದದ್ದು ಸುಮಾರು 200 ರೋಗಿಗಳಿಗೆ ಸಾಲುವ ಏರ್ಪಾಡು. ಮೇ ಮಧ್ಯದಲ್ಲಿ ಲಿವರ್‌ಪೂಲ್‌ನಿಂದ ಸಿರಿಯಾ ಹಡಗು ಬಂತು, ಮೇ ಕೊನೆಗೆ 40 ಹಡಗುಗಳು ನದಿಯಲ್ಲಿ ಮೂರು ಕಿಲೋಮೀಟರ್ ಉದ್ದಕ್ಕೆ ಸಾಲುಗಟ್ಟಿ ಕಾಯುತ್ತಿದ್ದವು. ಜಾಗವಿಲ್ಲದೆ, ಜ್ವರ ಬಂದವರನ್ನೂ ಬಾರದವರನ್ನೂ ಹಡಗಿನಲ್ಲೇ ಉಳಿಸಬೇಕಾಯಿತು, ಕ್ವಾರಂಟೈನ್ ರೋಗವನ್ನು ತಡೆಯುವ ಬದಲು ಬೆಳೆಸಿತು. ಡಗ್ಲಾಸ್ ಮತ್ತವನ ಜೊತೆಗಾರರು ನಿಲ್ಲಿಸಿದ ಸ್ಮಾರಕದಲ್ಲಿ, ಆ ಒಂದು ವರ್ಷ ಅಲ್ಲಿ ಹೂತವರ ಸಂಖ್ಯೆ 5,424 ಎಂದಿದೆ. ಆ ವರ್ಷ ಬ್ರಿಟಿಷ್ ಉತ್ತರ ಅಮೆರಿಕಕ್ಕೆ, ಅಂದರೆ ಇಂದಿನ ಕೆನಡಾಕ್ಕೆ, ಹೊರಟ ಸುಮಾರು 1 ಲಕ್ಷ ಜನರಲ್ಲಿ, ಹಡಗು, ಠಾಣೆ ಮತ್ತು ಮಾಂಟ್ರಿಯಲ್, ಟೊರಾಂಟೊಗಳ ಜ್ವರದ ಶೆಡ್ಡುಗಳಲ್ಲಿ ಸತ್ತವರನ್ನು ಸೇರಿಸಿದರೆ ಸರಿಸುಮಾರು ಆರರಲ್ಲಿ ಒಬ್ಬರು ಉಳಿಯಲಿಲ್ಲ. ಅನಾಥರಾದ ಮಕ್ಕಳನ್ನು ಫ್ರೆಂಚ್ ಮಾತಾಡುವ ಕ್ವಿಬೆಕ್‌ನ ರೈತ ಕುಟುಂಬಗಳು ಸಾಕಿಕೊಂಡವು, ಹಲವರ ಐರಿಷ್ ಮನೆಹೆಸರನ್ನು ಹಾಗೆಯೇ ಉಳಿಸಿದವು. ಇಂದಿನ ದೊಡ್ಡ ಪ್ರವಾಸಿ ಹಡಗುಗಳು ಈ ದ್ವೀಪಕ್ಕೆ ಪ್ರಯಾಣಿಕರನ್ನು ಇಳಿಸುವುದಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಬರ್ತಿಯೇ-ಸುರ್-ಮೇರ್ ಎಂಬ ದಡದೂರಿನಿಂದ ಸಣ್ಣ ದೋಣಿಯಲ್ಲಿ ಹೋಗಬೇಕು. ಇಡೀ ಯಾನದಲ್ಲಿ ಒಂದೇ ಸ್ಥಳ ನೋಡಲು ಸಾಧ್ಯವಿದ್ದರೆ ನಾನು ಇದನ್ನೇ ಹೇಳುತ್ತೇನೆ, ಅದಕ್ಕಾಗಿ ಕ್ವಿಬೆಕ್‌ನಲ್ಲಿ ಎರಡು ದಿನ ಹೆಚ್ಚು ಉಳಿಯಬೇಕಾದರೂ ಚಿಂತೆಯಿಲ್ಲ.

ಆದರೆ ಎಲ್ಲ ವಲಸೆ ಹಡಗುಗಳೂ ‘ಶವಪೆಟ್ಟಿಗೆ ಹಡಗು’ಗಳಾಗಿದ್ದವು ಎಂದು ಹೇಳಿಕೊಡುವುದು ಸರಿಯಲ್ಲ. ಆ ಬಿರುದು ಮುಖ್ಯವಾಗಿ 1847ರದ್ದು, ಹಿಂದಿನ, ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಬಹಳ ಕಡಿಮೆ ಇತ್ತು. ಜೀನಿ ಜಾನ್‌ಸ್ಟನ್ 1848ರಿಂದ 1855ರವರೆಗೆ 16 ಬಾರಿ ವಲಸಿಗರನ್ನು ಸಾಗಿಸಿತು, ಒಬ್ಬರೂ ಸಾಯಲಿಲ್ಲ. ಅದರಲ್ಲಿ ರಿಚರ್ಡ್ ಬ್ಲೆನರ್‌ಹ್ಯಾಸೆಟ್ ಎಂಬ ವೈದ್ಯನಿದ್ದ, ಕ್ಯಾಪ್ಟನ್ ಜೇಮ್ಸ್ ಆಟ್ರಿಜ್ ಮಿತಿಮೀರಿ ಜನ ತುಂಬುತ್ತಿರಲಿಲ್ಲ. ಅದೇ ಸಾಗರ, ಅದೇ ಗಾಳಿ, ಅದೇ ಬಗೆಯ ಹಲಗೆ. ಏನನ್ನು ತಡೆಯಬಹುದಿತ್ತು ಎಂಬುದನ್ನು ಈ ಒಂದು ಹಡಗು ಹೇಳುತ್ತದೆ. ಲಿಮರಿಕ್‌ನ ಜಮೀನ್ದಾರ ಮನೆತನದ ಸ್ಟೀಫನ್ ಡಿ ವೇರ್ 1847ರಲ್ಲಿ ತಾನೇ ಕೆಳ ಅಂತಸ್ತಿನಲ್ಲಿ ಪ್ರಯಾಣ ಮಾಡಿ, ಬೆಳಕಿಲ್ಲದ, ಗಾಳಿಯಿಲ್ಲದ ಆ ಬದುಕನ್ನು ಪತ್ರದಲ್ಲಿ ವಿವರಿಸಿದ. ಆ ಪತ್ರ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಹೋಯಿತು, ಪ್ರಯಾಣಿಕರ ಕಾಯ್ದೆ ಬಿಗಿಯಾಗಲು ನೆರವಾಯಿತು.

ಕಾರ್ಕ್ ಬಳಿಯ ಕೋವ್ ಬಂದರಿನಲ್ಲಿ ಹಡಗು ಈಗ ವಲಸೆಯ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ನಿಲ್ಲುತ್ತದೆ. ಅಲ್ಲಿ ಕಾಣುವುದು ಹೆಚ್ಚಾಗಿ ಆಲೂಗಡ್ಡೆ ಬರಗಾಲದ ನಂತರದ ದಿನಗಳು. 1870ರ ಹೊತ್ತಿಗೆ ವಲಸಿಗರಲ್ಲಿ ಬಹುಪಾಲು ಜನ ಉಗಿಹಡಗು ಹಿಡಿಯುತ್ತಿದ್ದರು, ಪ್ರಯಾಣ ಎರಡು ವಾರದೊಳಕ್ಕೆ ಇಳಿದಿತ್ತು, ಮೊದಲು ಹೋದವರು ಕಳುಹಿಸಿದ ಹಣದಿಂದಲೇ ಅವರ ತಮ್ಮಂದಿರ, ತಂಗಿಯರ ಟಿಕೆಟ್ ಬರುತ್ತಿತ್ತು. 1892ರ ಜನವರಿ 1ರಂದು ನ್ಯೂಯಾರ್ಕ್‌ನ ಎಲಿಸ್ ದ್ವೀಪದ ಹೊಸ ಠಾಣೆಯಲ್ಲಿ ಮೊದಲು ಹೆಸರು ಬರೆಸಿದ 17ರ ಹುಡುಗಿ ಆನಿ ಮೂರ್ ಇಲ್ಲಿಂದ ಹೊರಟವಳು. ಇಬ್ಬರು ತಮ್ಮಂದಿರ ಜೊತೆ ನಿಂತ ಅವಳ ಪ್ರತಿಮೆ ದಕ್ಕೆಯಲ್ಲಿದೆ. ಕೋವ್‌ನಿಂದ ಹೆಚ್ಚು ದೂರವಿಲ್ಲದ ಮಿಡಲ್‌ಟನ್‌ನಲ್ಲಿ ಉಕ್ಕಿನ ಒಂಬತ್ತು ಗರಿಗಳ ಶಿಲ್ಪವೊಂದಿದೆ. 1847ರಲ್ಲಿ, ತಾವೇ ತಾಯ್ನೆಲದಿಂದ ಬಲವಂತವಾಗಿ ಹೊರದೂಡಲ್ಪಟ್ಟಿದ್ದ ಅಮೆರಿಕದ ಚೊಕ್ಟಾ ಬುಡಕಟ್ಟಿನವರು ಐರ್ಲೆಂಡಿನ ಬರಪರಿಹಾರಕ್ಕೆ 170 ಡಾಲರ್ ಕೂಡಿಸಿ ಕಳುಹಿಸಿದ್ದರ ನೆನಪಿಗೆ ನಿಲ್ಲಿಸಿದ್ದು ಅದು. ವಲಸಿಗರು ಇಳಿದ ನೆಲ ಖಾಲಿ ಇರಲಿಲ್ಲ. ಪಿಕ್ಟೌ ಸುತ್ತಲಿನ ಕಾಡು ಮಿಗ್‌ಮಾ ಎಂಬ ಮೂಲನಿವಾಸಿಗಳದ್ದಾಗಿತ್ತು. ಸ್ವಂತ ನೆಲದ ಆಸೆಯಿಂದ ಬಂದವರು ಇನ್ನೊಬ್ಬರ ನೆಲ ಹಿಡಿದರೆಂಬುದನ್ನು ಹೇಳದೆ ಹೆಕ್ಟರ್‌ನ ಕತೆ ಹೇಳಬಾರದು.

ಇಂಥ ಯಾನಕ್ಕೆ ಹೊರಡುವವರಲ್ಲಿ ಹಲವರ ಕೊನೆಯ ಗುರಿ ಒಂದು ಹೆಸರನ್ನು ಪಟ್ಟಿಯಲ್ಲಿ ನೋಡುವುದು. ಅಲ್ಲಿಯೂ ದಿಮ್ಮಿ ಹಡಗಿನ ಅಗ್ಗದ ಟಿಕೆಟ್ ಅಡ್ಡ ಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ 1819ರ ಕಾನೂನಿನಂತೆ ಅಲ್ಲಿಗೆ ಬರುವ ಪ್ರತಿ ಕ್ಯಾಪ್ಟನ್ ಪ್ರಯಾಣಿಕರ ಹೆಸರಿನ ಪಟ್ಟಿ ಕೊಡಬೇಕಿತ್ತು, ಹಾಗಾಗಿ 1820ರಿಂದ ಈಚೆಗೆ ನ್ಯೂಯಾರ್ಕ್‌ಗೆ ಬಂದವರ ಹೆಸರು ಸಿಗುವ ಸಂಭವ ಹೆಚ್ಚು. ಕ್ವಿಬೆಕ್‌ಗೆ ಬಂದವರ ಪಟ್ಟಿಗಳನ್ನು ಕ್ರಮವಾಗಿ ಕಾಪಿಟ್ಟದ್ದು 1865ರಿಂದ. ಐರ್ಲೆಂಡಿನಲ್ಲಿ ಹುಡುಕೋಣವೆಂದರೆ 1821ರಿಂದ 1851ರವರೆಗಿನ ಜನಗಣತಿ ಕಡತಗಳಲ್ಲಿ ಬಹುಭಾಗ 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಯೊಂದಿಗೆ ಸುಟ್ಟುಹೋಗಿದೆ. ಎಸ್ಟೇಟುಗಳ ಲೆಕ್ಕಪತ್ರ ಉಳಿದ ಕಡೆಗಳಲ್ಲಿ ಮಾತ್ರ ದಾರಿಯಿದೆ. ಸ್ಟ್ರೋಕ್ಸ್‌ಟೌನ್‌ನ 1,490 ಜನ ಯಾರು, ಯಾವ ಹಳ್ಳಿಯವರು, ಮನೆಯಲ್ಲಿ ಎಷ್ಟು ಮಕ್ಕಳು ಎಂಬುದು ಇಂದು ತಿಳಿದಿರುವುದು, ಅವರನ್ನು ಕಳುಹಿಸಿದ ಖರ್ಚಿನ ಲೆಕ್ಕವನ್ನು ಜಮೀನ್ದಾರನ ಕಚೇರಿ ಬರೆದಿಟ್ಟಿದ್ದರಿಂದ. ಆ ಕಾಗದಗಳು ಅದೇ ಬಂಗಲೆಯ ಕಚೇರಿಯಲ್ಲಿ ಸಿಕ್ಕವು, 1994ರಲ್ಲಿ ಅಲ್ಲಿ ತೆರೆದ ರಾಷ್ಟ್ರೀಯ ಬರ ವಸ್ತುಸಂಗ್ರಹಾಲಯದಲ್ಲಿ ಈಗ ಅವುಗಳನ್ನು ನೋಡಬಹುದು.